ಯಜಮಾನ್ತಿಯ ಕೆಚ್ಚಲು, ಮಾವನ ಹೆಬ್ಬೆರಳು

ಕೈ ಎಲ್ಲರಿಗೂ ಎರಡೇ. ಆದರೆ ನಮ್ಮ ಮಾವ ತಮ್ಮ ಎರಡು ಕೈಗಳನ್ನು ಹೊತ್ತು ತಿರುಗುವ ಜಂಬ ನೋಡಿದರೆ, ಉಳಿದವರ ಭುಜಕ್ಕೆಲ್ಲ ಜೋತುಬಿದ್ದಿರುವುದು ಬೇರೇನೋ ಅನ್ನಿಸಬೇಕು. ಊಟವಾದ ಮೇಲೆ ಅವನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಸುಮ್ಮನೆ ನೋಡುತ್ತ ಕೂರುತ್ತಾರೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಪಾಪ, ಕೈ ನೋಯುತ್ತಿರಬೇಕು ಎಂದು ಎಣ್ಣೆ ಕಾಯಿಸಿ ತಂದಿದ್ದೆ.

"ನೋವಲ್ಲಮ್ಮ ಇದು, ಕೈಗುಣ," ಎಂದರು ಮಾವ. ಎಣ್ಣೆಯನ್ನು ವಾಪಸು ಕೊಡಲಿಲ್ಲ, ತಲೆಗೆ ಹಚ್ಚಿಕೊಂಡರು.

ಕೆಲವರು ನೆಟ್ಟ ಗಿಡ ಬೇಗ ಚಿಗುರುತ್ತದೆ, ಕೆಲವು ಡಾಕ್ಟರು ಸಕ್ಕರೆ ನೀರು ಕೊಟ್ಟರೂ ಜ್ವರ ಇಳಿಯುತ್ತದೆ. ಮಾವನ ಕೈಗುಣವಿರುವುದು ಹಾಲು ಕರೆಯುವುದರಲ್ಲಿ. ಬಸ್ಸು ತಿರುಗಿಸಿಕೊಂಡು ಹಿಂದಕ್ಕೆ ಹೋಗುವ ಕಡೆ ನಮ್ಮ ಬೀದಿ ಶುರುವಾಗುತ್ತದೆ. ಮುಂದೆ ಮನೆ, ಹಿಂದೆ ತಗಡಿನ ಕೊಟ್ಟಿಗೆ, ನಡುವೆ ಸಗಣಿ ಬುಟ್ಟಿ ಹೊರುವಷ್ಟೇ ಅಗಲದ ಓಣಿ. ಮನೆಮನೆಗೂ ಒಂದೋ ಎರಡೋ ಹಸು. ಯಾರ ಹಸು ಒದೆಯುತ್ತದೋ, ಯಾರ ಹಸು ಹಾಲನ್ನು ಮೇಲಕ್ಕೇರಿಸಿಕೊಂಡು ಕಲ್ಲಿನಂತೆ ನಿಲ್ಲುತ್ತದೋ, ಅಲ್ಲಿಂದ ಮಾವನಿಗೆ ಕರೆ ಬರುತ್ತದೆ. ಪ್ರಾಯದಲ್ಲಿ ಸೈಕಲ್ ಮೇಲೆ ಮನೆಯಿಂದ ಮನೆಗೆ ಹೋಗಿ ಕರೆದುಕೊಡುವುದೇ ಅವರ ಕಸುಬಾಗಿತ್ತು. ಈಗ ಸೈಕಲ್ಲಿಗೆ ತುಕ್ಕು ಹಿಡಿದಿದೆ, ಜಂಬಕ್ಕೆ ಹಿಡಿದಿಲ್ಲ.

ಈ ಕೈಗುಣಕ್ಕೊಂದು ಕಥೆಯಿದೆ. ಹಾಲು ಕೊಳ್ಳಲು ನಮ್ಮ ಮುಂದಿನ ಕಿಟಕಿಗೆ ಬರುವ ಗಿರಾಕಿಗಳಲ್ಲಿ ಅದನ್ನು ಕೇಳದವರಿಲ್ಲ. ಮಾವನಿಗೆ ಮೀಸೆ ಮೂಡುತ್ತಿದ್ದ ಕಾಲಕ್ಕೆ ಒಂದು ಮನೆಯಲ್ಲಿ ಕೆಂಪು ಹಸುವೊಂದಿತ್ತಂತೆ. ಕರೆಯಲು ಹೋದವರನ್ನೆಲ್ಲ ಬಕೆಟ್ ಸಮೇತ ಗೋಡೆಗೆ ಒಗೆಯುತ್ತಿತ್ತಂತೆ. ಮಾವ ಹೋಗಿ ಕೆಚ್ಚಲಿಗೆ ಕೈ ಹಾಕಿದ್ದೇ ತಡ, ಹಸು ಕಣ್ಣು ಮುಚ್ಚಿ ನಿಂತಿತಂತೆ. ಅದನ್ನು ಕಂಡು ಬೆಪ್ಪಾದ ಮನೆಯ ಯಜಮಾನರು, "ಇಂಥ ಕೈಗೆ ನನ್ನ ಮಗಳನ್ನೂ ಕೊಡ್ತೀನಿ," ಎಂದುಬಿಟ್ಟರಂತೆ. ಆ ಮಗಳೇ ನಮ್ಮ ಅತ್ತೆ.

ಕಥೆ ಈ ಹಂತಕ್ಕೆ ಬಂದಾಗ ಅತ್ತೆ ಯಾವಾಗಲೂ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಒಮ್ಮೆ ಮಾತ್ರ ಬಾಗಿಲಲ್ಲಿ ನಿಂತು, "ಆ ಹಸು ಸುಮ್ನೆ ನಿಂತಿದ್ದು ಅವತ್ತೊಂದು ದಿನ. ನಾನು ಇವತ್ತಿನವರೆಗೂ ನಿಂತಿದೀನಿ," ಎಂದಿದ್ದರು.

ನಮ್ಮ ಈಗಿನ ಹಸುವಿಗೆ ಮಾವ ಇಟ್ಟ ಹೆಸರು 'ಯಜಮಾನ್ತಿ'. ಕಪ್ಪು ಬಿಳಿ ಮೈ, ಅಗಲ ಹಣೆ, ಯಾರನ್ನೂ ಲೆಕ್ಕಕ್ಕಿಡದ ನೋಟ. ಕೊಟ್ಟಿಗೆಯಿಂದ "ಯಜಮಾನ್ತೀ" ಎಂದು ಜೇನಿನಂಥ ದನಿ ಕೇಳಿದರೆ ಅದು ಹಸುವಿಗೆ ಎಂದರ್ಥ. ಅತ್ತೆಯನ್ನು ಕರೆಯುವುದು "ಏ, ಎಲ್ಲಿದೀಯ?" ಎಂದು. ಯಜಮಾನ್ತಿಯ ಕೆಚ್ಚಲನ್ನು ಮಾವ ಬೇರೆ ಯಾರಿಗೂ ಮುಟ್ಟಲು ಬಿಟ್ಟವರಲ್ಲ. ಕರೆಯುವ ಮುಂಚೆ ಸೋಪು ಹಾಕಿ ಕೈ ತೊಳೆದವರೂ ಅಲ್ಲ. "ಸೋಪು ಹಾಕಿದ್ರೆ ಕೈಗುಣ ಕೊಚ್ಕೊಂಡು ಹೋಗುತ್ತೆ," ಎನ್ನುವುದು ಅವರ ವಾದ. ಲುಂಗಿಗೆ ಒಮ್ಮೆ ಒರೆಸಿ, ಮೊದಲ ಹಾಲಿನಲ್ಲಿ ಬೆರಳು ಒದ್ದೆ ಮಾಡಿಕೊಂಡು, ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅದರ ಗೆಣ್ಣಿಗೆ ಮೊಲೆಯನ್ನು ಒತ್ತಿ ಎಳೆಯುತ್ತಾರೆ. ಆ ಹೆಬ್ಬೆರಳೇ ಈ ಕಥೆಯ ಖಳನಾಯಕ.

ಒಂದು ದಿನ ಕೊಟ್ಟಿಗೆಯ ಬಾಗಿಲಿನ ಅಗುಳಿ ರಿಪೇರಿ ಮಾಡಲು ಹೋಗಿ ಮಾವ ಬಲಗೈ ಹೆಬ್ಬೆರಳಿಗೆ ಸಿಬಿರು ಚುಚ್ಚಿಸಿಕೊಂಡರು. ಅದು ಉಗುರುಸುತ್ತಾಗಿ, ಬೆರಳು ಊದಿ, ಕೆಂಪಗಾಗಿ, ಒಳಗೆ ಕೀವು ತುಂಬಿಕೊಂಡಿತು. ಅತ್ತೆಗೆ ಗೊತ್ತಾದರೆ ಹಾಲಿನ ಬಕೆಟ್ ಕೈತಪ್ಪುತ್ತದೆ. ಆದ್ದರಿಂದ ಮಾವ ಅದನ್ನು ಮುಚ್ಚಿಟ್ಟರು. ಮನೆಯೊಳಗಿದ್ದಷ್ಟು ಹೊತ್ತೂ ಬಲಗೈ ಅಂಗಿಯ ಜೇಬಿನಲ್ಲಿ. ಹುಟ್ಟಿದ ಮೇಲೆ ಚಮಚ ಮುಟ್ಟದ ಮನುಷ್ಯ ಊಟಕ್ಕೆ ಚಮಚ ಕೇಳಿದರು, ಅದನ್ನೂ ಎಡಗೈಯಲ್ಲಿ ಹಿಡಿದರು.

"ಏನ್ರೀ ಇದು ಹೊಸ ಅವತಾರ?" ಎಂದರು ಅತ್ತೆ.

"ನಾಗರಿಕರು ಹೀಗೇ ತಿನ್ನೋದು," ಎಂದು ನಾಗರಿಕರು ಅರ್ಧ ಅನ್ನವನ್ನು ನೆಲಕ್ಕೆ ಉಣಿಸಿದರು.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಒಲೆಯ ಮೇಲಿಟ್ಟ ಹಾಲು ಒಡೆಯಿತು. ಮರುದಿನವೂ ಒಡೆಯಿತು. ಅತ್ತೆ ಪಾತ್ರೆಯೊಳಗೆ ಇಣುಕಿ, ನನ್ನ ಮುಖ ನೋಡಿ, ಮತ್ತೆ ಪಾತ್ರೆ ನೋಡಿದರು. ಬಾಯಿಬಿಟ್ಟು ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಮಾವ ಮಾತ್ರ ತುಂಬ ಉತ್ಸಾಹದಿಂದ, "ಪಾತ್ರೆ ಸರಿಯಾಗಿ ತಿಕ್ಕಿಲ್ಲ ಅಂತ ಕಾಣುತ್ತೆ," ಎಂದರು. ಜೀವಮಾನದಲ್ಲಿ ಕೈ ತೊಳೆಯದವರು ನನ್ನ ಪಾತ್ರೆಯ ಬಗ್ಗೆ ಮಾತಾಡಿದರು! ನಾನು ಸಿಟ್ಟಿನಲ್ಲಿ ಆ ಪಾತ್ರೆಯನ್ನು ಹೇಗೆ ತಿಕ್ಕಿದೆನೆಂದರೆ ತಳದಲ್ಲಿ ನನ್ನ ಗಂಟುಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಹಾಲು ಮತ್ತೂ ಒಡೆಯಿತು. ರುಚಿ ನೋಡಿದರೆ ಉಪ್ಪುಪ್ಪು.

"ಉಪ್ಪು ಬೇರೆ ಹಾಕಿದೀಯೇನೇ?" ಎಂದರು ಅತ್ತೆ.

ಬಸ್ಸು ಓಡಿಸುವ ನನ್ನ ಗಂಡ ಇಂಥ ಹೊತ್ತಿನಲ್ಲಿ ಯಾವಾಗಲೂ ಡ್ಯೂಟಿಯ ಮೇಲಿರುತ್ತಾರೆ.

ಆ ಸಂಜೆ ಯಜಮಾನ್ತಿ ಮಾವನನ್ನು ಒದ್ದಳು. ಸದ್ದು ಕೇಳಿ ಓಡಿಹೋದರೆ, ಬಕೆಟ್ ಬೋರಲಾಗಿತ್ತು, ಮಾವ ಗಂಜಲದ ಕಾಲುವೆಯಲ್ಲಿ ಕೂತಿದ್ದರು. ಪೆಟ್ಟಾಗಿದ್ದು ಸೊಂಟಕ್ಕಲ್ಲ. ಅವರ ಮುಖ ನೋಡಿದರೆ, ಹೆತ್ತ ಮಗಳೇ ಬೀದಿಯಲ್ಲಿ ನಿಲ್ಲಿಸಿ ಬೈದಂತಿತ್ತು. ಕೆಚ್ಚಲಿನ ಹಿಂದಿನ ಬಲಭಾಗ ಊದಿತ್ತು. ಮುಟ್ಟಿದರೆ ಸುಡುತ್ತಿತ್ತು, ಕಲ್ಲಾಗಿತ್ತು. ಆ ಮೊಲೆಯಿಂದ ಬಂದದ್ದು ಹಾಲಲ್ಲ, ತಿಳಿನೀರಿನಲ್ಲಿ ತೇಲುವ ಬಿಳಿ ಚೂರುಗಳು. ನನ್ನ ಪಾತ್ರೆ ಅಂದೇ ನಿರ್ದೋಷಿಯಾಯಿತು. ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮಾವ ಅಪರಾಧಿಯನ್ನು ಹುಡುಕಲು ಹೊರಟರು. ಹೊಸ ಹಿಂಡಿಯ ಮೇಲೆ ಅನುಮಾನ ಬಂತು. ಪಕ್ಕದ ಮನೆಯ ರೇಡಿಯೋ ಮೇಲೆ ಬಂತು. ನನ್ನ ಶಾಂಪೂ ವಾಸನೆಯ ಮೇಲೂ ಬಂತು. ಅಷ್ಟರಲ್ಲಿ ಬೇಕರಿಯವನ ಚೊಚ್ಚಲ ಕರುವಿನ ಹಸುವಿಗೂ ಕೆಚ್ಚಲು ಬಾವು ಬಂದ ಸುದ್ದಿ ತಲುಪಿತು. ಹಿಂದೆಯೇ, ಮೂಲೆಮನೆಯ ರಿಟೈರ್ಡ್ ಮೇಷ್ಟ್ರ ಹಸುವಿಗೂ ಬಂತು. ಆ ವಾರ ಎರಡೂ ಮನೆಗೆ ಮಾವ ಕರೆದುಕೊಡಲು ಹೋಗಿದ್ದರು. "ನೋಡು, ಊರಿಗೇ ಏನೋ ಬಂದಿದೆ. ನಮ್ಮದೊಂದೇ ಅಲ್ಲ," ಎಂದು ಅವರಿಗೆ ಸ್ವಲ್ಪ ಸಮಾಧಾನವೇ ಆಯಿತು.

ಬೆಳಿಗ್ಗೆ ದನದ ಆಸ್ಪತ್ರೆಗೆ ಫೋನ್ ಮಾಡಿದರು. ಮಾವ ಫೋನಿನಲ್ಲಿ ಮಾತಾಡಿದರೆ ಆಸ್ಪತ್ರೆಗೆ ಫೋನಿಲ್ಲದೆಯೂ ಕೇಳಿಸುತ್ತದೆ.

"ನಮ್ಮ ಯಜಮಾನ್ತಿಗೆ ಮೈ ಸುಡ್ತಿದೆ. ನಿನ್ನೆಯಿಂದ ಏನೂ ತಿಂದಿಲ್ಲ. ಹತ್ತಿರ ಹೋದ್ರೆ ಒದೀತಾಳೆ."

ಆ ಕಡೆಯಿಂದ ಏನೋ ಹೇಳಿದರು.

"ದನದ ಆಸ್ಪತ್ರೆ ಅಂತ ಗೊತ್ತು ಕಣಯ್ಯ, ಅದಕ್ಕೇ ಫೋನ್ ಮಾಡಿದ್ದು! ಬೇರೆಲ್ಲಿ ತೋರಿಸ್ಲಿ ಅವಳನ್ನ?"

ಅಡುಗೆಮನೆಯಲ್ಲಿ ಅತ್ತೆಯ ಕೈಯಿಂದ ಸೌಟು ಬಿತ್ತು. ಬಿತ್ತೋ, ಹಾಕಿದರೋ ಗೊತ್ತಿಲ್ಲ.

ಡಾಕ್ಟರು ಸ್ಕೂಟರಿನಲ್ಲಿ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೊಣಕಾಲಿನವರೆಗೆ ರಬ್ಬರ್ ಬೂಟು. ಬಂದವರೇ ಯಜಮಾನ್ತಿಯ ಬೆನ್ನು ತಟ್ಟಿ, "ಇವರೇನಾ ಯಜಮಾನ್ತಿ?" ಎಂದು ಕೇಳಿ, ಪಕ್ಕದಲ್ಲಿದ್ದ ಅತ್ತೆಯ ಕಡೆ ನೋಡಿ ತುಟಿ ಕಚ್ಚಿಕೊಂಡರು. ಆಮೇಲೆ ನಾಲ್ಕು ಗುಳಿಗಳಿದ್ದ ಒಂದು ತಟ್ಟೆ ತೆಗೆದು, ಒಂದೊಂದು ಮೊಲೆಯ ಹಾಲನ್ನು ಒಂದೊಂದು ಗುಳಿಗೆ ಹಿಂಡಿ, ಎಲ್ಲಕ್ಕೂ ಸೋಪಿನ ನೀರಿನಂಥದ್ದನ್ನು ಹೊಯ್ದರು.

"ಹಾಲಿಗೆ ಸೋಪು!" ಎಂದರು ಮಾವ ಎದೆಯ ಮೇಲೆ ಕೈಯಿಟ್ಟು. ಎಡಗೈ.

ಡಾಕ್ಟರು ತಟ್ಟೆಯನ್ನು ಮೆಲ್ಲಗೆ ತಿರುಗಿಸಿದರು. ಮೂರು ಗುಳಿಯ ಹಾಲು ಸಲೀಸಾಗಿ ಹರಿದಾಡಿತು. ನಾಲ್ಕನೆಯದು ಗಟ್ಟಿ ಗಂಜಿಯಂತೆ ಮುದ್ದೆಯಾಗಿ ಒಂದೇ ಕಡೆ ಗುಂಪುಗೂಡಿತು.

"ಮೂರು ಮನೇಲೂ ಇದೇ ಆಗಿದೆ," ಎಂದರು ಡಾಕ್ಟರು. ಬೇಕರಿಯವನ ಮನೆಗೂ ಮೇಷ್ಟ್ರ ಮನೆಗೂ ಹೋಗಿಯೇ ಬಂದಿದ್ದರು. "ಮೂರು ಹಸೂನೂ ಕರೆದಿದ್ದು ಯಾರು?"

"ನಾನೇ," ಎಂದರು ಮಾವ, ಮೀಸೆಯ ತುದಿ ಮೇಲಕ್ಕೆದ್ದಿತು.

"ಹಾಗಾದ್ರೆ ಇದೆಲ್ಲ ನಿಮ್ಮ ಕೈಗುಣ."

ಮಾವನ ಮುಖ ಹೇಗೆ ಅರಳಿತೆಂದರೆ ನನಗೇ ಅಯ್ಯೋ ಅನ್ನಿಸಿತು. ನಮ್ಮ ಕಡೆ ತಿರುಗಿ, "ಕೇಳಿದ್ರಾ? ಬಂದು ಐದು ನಿಮಿಷ ಆಗಿಲ್ಲ, ಡಾಕ್ಟ್ರಿಗೇ ಗೊತ್ತಾಗೋಯ್ತು!" ಎಂದರು.

ಅತ್ತೆ ಮಾತ್ರ ನಗಲಿಲ್ಲ. ಚಮಚ, ಜೇಬು, ಎಡಗೈ ಎಲ್ಲ ಒಂದೇ ಸಲಕ್ಕೆ ಅವರ ತಲೆಯಲ್ಲಿ ಸಾಲಾಗಿ ನಿಂತಿರಬೇಕು.

"ರೀ, ಬಲಗೈ ತೋರ್ಸಿ."

"ಯಾವ ಬಲಗೈ?"

"ನಿಮಗೆ ಎಷ್ಟಿದೆ?"

ಜೇಬಿನಿಂದ ಕೈ ಹೊರಬಂತು. ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. "ನಾನು ದನದ ಡಾಕ್ಟ್ರು. ಇದನ್ನ ಬೇರೆ ಡಾಕ್ಟ್ರಿಗೆ ತೋರಿಸ್ಬೇಕು," ಎಂದರು.

"ಪರವಾಗಿಲ್ಲಮ್ಮ, ನೀವೇ ನೋಡ್ಬಹುದು," ಎಂದರು ಅತ್ತೆ.

ಆಮೇಲೆ ಡಾಕ್ಟರು ಮಾವನ ಹೆಬ್ಬೆರಳನ್ನೇ ಮುಂದಿಟ್ಟುಕೊಂಡು ಯಜಮಾನ್ತಿಯ ಕೆಚ್ಚಲೊಳಗೆ ಆಗಿರುವುದನ್ನು ಹೇಳಿದರು. ಬೆರಳಿನ ಕೀವಿನಲ್ಲಿರುವ ಕ್ರಿಮಿ, ಹೆಬ್ಬೆರಳು ಮಡಚಿ ಹಿಂಡುವಾಗ ಮೊಲೆಯ ತುದಿಗೆ ಉಜ್ಜಿಕೊಂಡಿದೆ. ಕರೆದಾದ ಮೇಲೆ ಮೊಲೆಯ ಬಾಯಿ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ, ಕ್ರಿಮಿ ಅಲ್ಲಿಂದ ಒಳಗೆ ಹೊಕ್ಕಿದೆ. ಒಳಗೆ ಬೆಚ್ಚಗೆ ಹಾಲಿದೆ, ಅದಕ್ಕಿನ್ನೇನು ಬೇಕು, ಸಂಸಾರ ಹೂಡಿದೆ. ಕೆಚ್ಚಲು ಸುಮ್ಮನೆ ಕೂರುವುದಿಲ್ಲ. ಅಪಾಯ ಎಂದು ಕೂಗುತ್ತದೆ. ರಕ್ತದಿಂದ ಬಿಳಿಕಣಗಳು ದಂಡುಗಟ್ಟಿ ಕೆಚ್ಚಲಿಗೆ ನುಗ್ಗುತ್ತವೆ, ಕ್ರಿಮಿಗಳನ್ನು ಹಿಡಿದು ನುಂಗುತ್ತವೆ, ನುಂಗಿ ತಾವೂ ಸಾಯುತ್ತವೆ. ಅವಕ್ಕೆ ದಾರಿ ಬಿಡಲು ರಕ್ತನಾಳಗಳು ಹಿಗ್ಗುತ್ತವೆ, ನೀರು ಸೋರುತ್ತದೆ. ಅದಕ್ಕೇ ಊತ, ಅದಕ್ಕೇ ಬಿಸಿ, ಅದಕ್ಕೇ ನೋವು. ರಕ್ತದ ಉಪ್ಪು ಹಾಲಿಗೆ ಇಳಿದು ಹಾಲು ಉಪ್ಪಾಗುತ್ತದೆ, ಒಡೆಯುತ್ತದೆ. ತಟ್ಟೆಗೆ ಹೊಯ್ದ ಆ ಸೋಪು ಬಿಳಿಕಣಗಳನ್ನು ಒಡೆದು ಅವುಗಳ ಒಳಗಿನ ಅಂಟನ್ನು ಹೊರಗೆ ತರುತ್ತದೆ. ಮುದ್ದೆ ಎಷ್ಟು ಗಟ್ಟಿಯೋ ದಂಡು ಅಷ್ಟು ದೊಡ್ಡದು.

"ಹಾಗಾದ್ರೆ ಉಪ್ಪು ನಾನು ಹಾಕಿದ್ದಲ್ಲ," ಎಂದೆ ಸ್ವಲ್ಪ ಜೋರಾಗಿಯೇ.

"ಒಳಗೆ ಈ ಪಾಟಿ ಜಗಳ ನಡೀತಿದ್ರೆ ಹಾಲು ಹೇಗಮ್ಮಾ ಆಗುತ್ತೆ?" ಎಂದರು ಮಾವ. ದನಿ ಇಳಿದಿತ್ತು.

"ಆಗಲ್ಲ. ಹಾಲು ಮಾಡೋ ಭಾಗವೇ ಏಟು ತಿನ್ನುತ್ತೆ. ಕೆಟ್ಟ ಹಾಲು ಒಳಗೇ ಉಳಿದ್ರೆ ಆ ಮೊಲೆ ಬತ್ತಿಹೋಗುತ್ತೆ, ಮತ್ತೆ ಯಾವತ್ತೂ ಬರಲ್ಲ. ಔಷಧಿ ಕೊಡ್ತೀನಿ. ಆದ್ರೆ ಔಷಧಿಗಿಂತ ಮುಖ್ಯ, ದಿನಕ್ಕೆ ನಾಲ್ಕೈದು ಸಲ ಆ ಭಾಗದ ಹಾಲನ್ನ ಪೂರ್ತಿ ಕರೆದು ಗುಂಡಿಗೆ ಚೆಲ್ಲಬೇಕು. ಔಷಧಿ ನಿಲ್ಲಿಸಿದ ಮೇಲೂ ನಾನು ಹೇಳೋವರೆಗೆ ಯಾವ ಮೊಲೆ ಹಾಲನ್ನೂ ಯಾರಿಗೂ ಕೊಡ್ಬೇಡಿ. ಕರೆಯೋರು ಸೋಪು ಹಾಕಿ ಕೈ ತೊಳೀಬೇಕು, ಹೆಬ್ಬೆರಳು ಮಡಚದೆ ಇಡೀ ಮುಷ್ಟೀಲಿ ಹಿಂಡಬೇಕು. ಕರೆದ ಮೇಲೆ ಮೇವು ಹಾಕಿ ನಿಲ್ಲಿಸಿ, ತಕ್ಷಣ ಮಲಗೋಕೆ ಬಿಡ್ಬೇಡಿ." ಡಾಕ್ಟರು ಮಾವನ ಕಡೆ ತಿರುಗಿದರು. "ನೀವು ಮಾತ್ರ ಬೆರಳು ವಾಸಿಯಾಗೋವರೆಗೂ ಯಾವ ಹಸೂನೂ ಮುಟ್ಟಬಾರದು."

ಮಾವ ಕೊಟ್ಟಿಗೆಯ ಕಲ್ಲಿನ ಮೇಲೆ ಕೂತುಬಿಟ್ಟರು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳಲಿಲ್ಲ, ಬೆನ್ನ ಹಿಂದೆ ಇಟ್ಟುಕೊಂಡರು. "ನನ್ನ ಕೈಯಿಂದಾನೇ ಅವಳಿಗೆ," ಎಂದು ಶುರುಮಾಡಿದರು, ಮುಗಿಸಲಿಲ್ಲ. ಪಾತ್ರೆಯ ವಿಷಯಕ್ಕೆ ಮೂರ್ನಾಲ್ಕು ದಿನದಿಂದ ಕೂಡಿಟ್ಟುಕೊಂಡಿದ್ದ ಮಾತುಗಳು ನನ್ನ ನಾಲಿಗೆಯ ತುದಿಯಲ್ಲಿದ್ದವು. ಅವನ್ನೆಲ್ಲ ನುಂಗಿಕೊಂಡೆ. ನಿಜಕ್ಕೂ ಪಾಪ ಅನ್ನಿಸಿತು.

ಆದರೆ ಮಾವ ಅಡಗಿ ಕೂರುವ ಜಾತಿಯಲ್ಲ. ಕ್ಲಿನಿಕ್ಕಿಗೆ ಹೋಗಿ ಬೆರಳು ಕೊಯ್ಯಿಸಿಕೊಂಡು ಬರುವಾಗ ತಾವೇ ಬೇಕರಿಯವನಿಗೂ ಮೇಷ್ಟ್ರಿಗೂ ತಪ್ಪು ಒಪ್ಪಿಕೊಳ್ಳಲು ಹೊರಟರು. ನಾನು ಜೊತೆಗಿದ್ದೆ. ಬೆರಳಿಗೆ ಬದನೆಕಾಯಿ ದಪ್ಪದ ಬಿಳಿ ಬ್ಯಾಂಡೇಜು. ನೋವು ಕಮ್ಮಿಯಾಗಲು ಕೈ ಮೇಲೆತ್ತಿ ಹಿಡಿಯಿರಿ ಎಂದು ಕ್ಲಿನಿಕ್ಕಿನ ಡಾಕ್ಟರು ಹೇಳಿದ್ದರು. ಹೀಗೆ ಮಾವ ಎದೆಯ ಮುಂದೆ ಮುಷ್ಟಿಕಟ್ಟಿ, ಹೆಬ್ಬೆರಳನ್ನು ಆಕಾಶಕ್ಕೆ ನೆಟ್ಟು, ತೀರಾ ದುಃಖದ ಮುಖ ಹೊತ್ತು ಬೀದಿಯುದ್ದಕ್ಕೂ ನಡೆದರು. ನೋಡಿದವರೆಲ್ಲ ಸಂತೋಷಪಟ್ಟು ತಮ್ಮ ಹೆಬ್ಬೆರಳನ್ನೂ ಎತ್ತಿ ತೋರಿಸಿದರು. ನಿಲ್ದಾಣದಲ್ಲಿದ್ದ ಬಸ್ಸಿನಿಂದ ಡ್ರೈವರ್ ಹಾರ್ನ್ ಹೊಡೆದು ಹೆಬ್ಬೆರಳೆತ್ತಿದ. ನೋಡಿದರೆ ನನ್ನ ಗಂಡನೇ.

ಬೇಕರಿಯವನೂ ಹೆಬ್ಬೆರಳು ಎತ್ತಿ, "ಏನ್ ಸಾರ್, ಎಲ್ಲಾ ಸರಿಹೋಯ್ತಾ?" ಎಂದು ನಕ್ಕ.

"ಸರಿಹೋಗಿಲ್ಲಪ್ಪ. ನಿನ್ನ ಹಸುವಿನ ಕೆಚ್ಚಲು ಕೆಡಿಸಿದ್ದು ಈ ಬೆರಳೇ," ಎಂದರು ಮಾವ.

ಅವನು ಎತ್ತಿದ ಬೆರಳನ್ನು ಏನು ಮಾಡಬೇಕೆಂದು ತೋಚದೆ ಬನ್ನಿನೊಳಗೆ ಚುಚ್ಚಿಬಿಟ್ಟ. ಸಿಟ್ಟಾಗುತ್ತಿದ್ದನೋ ಏನೋ, ಆದರೆ ಮಾವನ ಕಣ್ಣಲ್ಲಿ ನೀರಿತ್ತು. ಆ ಬನ್ನನ್ನು ನನಗೇ ಕೊಟ್ಟು ಕಳಿಸಿದ. ಮೇಷ್ಟ್ರು ಮಾತ್ರ ನಿಲ್ಲಿಸಿ ಪಾಠ ಹೇಳಿದರು, ಮಾವ ತಲೆತಗ್ಗಿಸಿ ಕೇಳಿದರು.

ನಿಜವಾದ ಕಷ್ಟ ಕೊಟ್ಟಿಗೆಯಲ್ಲಿ ಕಾದಿತ್ತು. ಅತ್ತೆ ಮೊಣಕೈವರೆಗೆ ಸೋಪು ಹಾಕಿ ತೊಳೆದು, ಬಕೆಟ್ ಹಿಡಿದು ಕೂತರು. ನಾನು ಬಿಸಿನೀರಿನ ಬಟ್ಟೆಯಿಂದ ಕೆಚ್ಚಲಿಗೆ ಶಾಖ ಕೊಟ್ಟೆ. ಯಜಮಾನ್ತಿ ಕುತ್ತಿಗೆ ತಿರುಗಿಸಿ ನಮ್ಮಿಬ್ಬರನ್ನೂ ನೋಡಿ, ಹಾಲನ್ನು ಅಷ್ಟೂ ಮೇಲಕ್ಕೇರಿಸಿಕೊಂಡಳು. ಅತ್ತೆ ಹಿಂಡಿದರು, ನಾನು ಹಿಂಡಿದೆ, ಒಂದು ಹನಿ ಇಳಿಯಲಿಲ್ಲ. ಹಾಲು ಇಳಿಯದಿದ್ದರೆ ಕೊಳಕು ಒಳಗೇ ಉಳಿಯುತ್ತದೆ, ಉಳಿದರೆ ಮೊಲೆ ಹೋಗುತ್ತದೆ. ಅತ್ತೆಯ ಹಣೆಯಲ್ಲಿ ಬೆವರು ಕಿತ್ತುಕೊಂಡಿತು.

ಮಾವ ಬಾಗಿಲಾಚೆ ನಿಂತಿದ್ದರು. "ಅವಳಿಗೆ ನಾನು ಮಾತಾಡ್ತಾ ಇರ್ಬೇಕು," ಎಂದರು. "ದಿನಾ ಮಾತಾಡ್ತಾ ಕರೀತೀನಿ."

"ಮತ್ತೆ ಮಾತಾಡಿ, ಬಾಯಿಗೇನು ಉಗುರುಸುತ್ತಾಗಿದೆಯಾ?"

ಮಾವ ಗಂಟಲು ಸರಿಮಾಡಿಕೊಂಡು, "ಯಜಮಾನ್ತೀ, ನನ್ನ ಚಿನ್ನ, ಹಾಲು ಬಿಡಮ್ಮ," ಎಂದರು. ಯಜಮಾನ್ತಿ ಕಿವಿ ಕೂಡ ಅಲ್ಲಾಡಿಸಲಿಲ್ಲ.

"ದಿನಾ ಇದನ್ನೇ ಹೇಳ್ತೀರಾ?" ಎಂದರು ಅತ್ತೆ.

"ಇಲ್ಲ."

"ಮತ್ತೇನು ಹೇಳ್ತೀರಿ?"

ಮಾವ ಚಪ್ಪಲಿಯಿಂದ ನೆಲ ಕೆರೆದರು. "ಅದು ನಮ್ಮಿಬ್ಬರ ನಡುವಿನ ಮಾತು."

"ಮೊಲೆ ಬತ್ತಿಹೋಗ್ಲಾ?"

ಅಲ್ಲಿಗೆ ಮಾವ ಸೋತರು. ಕಣ್ಣು ಮುಚ್ಚಿಕೊಂಡು, ದಿನದ ದನಿಯಲ್ಲಿ ಶುರುಮಾಡಿದರು: "ಕೇಳ್ದ್ಯಾ ಯಜಮಾನ್ತೀ, ಇವತ್ತೂ ನನ್ನ ಮಾತು ನಡೀಲಿಲ್ಲ ಕಣೇ. ಫ್ಯಾನ್ ಹಾಕು ಅಂದ್ರೆ ಚಳಿ ಅಂತಾಳೆ, ಆರಿಸು ಅಂದ್ರೆ ಸೆಕೆ ಅಂತಾಳೆ. ಸಾರಿಗೆ ಖಾರ ಕಮ್ಮಿ ಮಾಡೇ ಅಂದ್ರೆ ಆ ಮೆಣಸಿನಕಾಯಿ ಡಬ್ಬೀನೇ ತಂದು ಮುಂದೆ ಇಡ್ತಾಳೆ..."

ಚೊರ್ರೆಂದು ಸದ್ದಾಯಿತು. ಹಾಲು ಇಳಿಯಿತು.

ನಾನು ಬಟ್ಟೆಯನ್ನು ಬಾಯಿಗೆ ತುರುಕಿಕೊಂಡೆ. ಅತ್ತೆ ಯಜಮಾನ್ತಿಯ ಹೊಟ್ಟೆಗೆ ಹಣೆ ಒತ್ತಿ, ಹಲ್ಲು ಕಚ್ಚಿ, ಒಂದೇ ಸಮ ಹಿಂಡಿದರು. ಮಾವ ಗೊರಕೆಯ ವಿಷಯ ಎತ್ತಿದಾಗ ಮುಷ್ಟಿಯ ಬಿಗಿ ಸ್ವಲ್ಪ ಹೆಚ್ಚಾಯಿತು, ಅಷ್ಟೇ. ಯಾರದೋ ಮೇಲಿನ ಕೋಪಕ್ಕೆ ಆ ಮೊಲೆ ಖಾಲಿಯಾಗುವವರೆಗೂ ಬಿಡಲಿಲ್ಲ. ಡಾಕ್ಟರು ಹೇಳಿದ್ದೂ ಅದನ್ನೇ.

ದಿನಕ್ಕೆ ನಾಲ್ಕೈದು ಸಲ ಇದೇ ನಡೆಯಿತು. ತಮ್ಮ ಸಂಸಾರದ ಪೂರ್ತಿ ದೂರುಗಳನ್ನು ಅತ್ತೆ ಹಸುವಿನ ಹೊಟ್ಟೆಯ ಕೆಳಗೆ ಕೂತು ಕೇಳಿದರು. ಕೇಳಿದ್ದಕ್ಕೆ ಮನೆಯೊಳಗೆ ಉತ್ತರ ಕೊಡುವ ಹಾಗಿಲ್ಲ. ಮಾವ ಹೆದರಿ ಬಾಯಿ ಮುಚ್ಚಿದರೆ ಹಾಲು ನಿಲ್ಲುತ್ತದೆ. ಗುಂಡಿಗೆ ಚೆಲ್ಲುವ ಬಕೆಟ್ಟಿನಲ್ಲಿ ಚೂರುಗಳು ಕಮ್ಮಿಯಾದವು. ಕೆಚ್ಚಲು ತಣ್ಣಗಾಯಿತು, ಮೆದುವಾಯಿತು. ಯಜಮಾನ್ತಿ ಮೇವಿಗೆ ಬಾಯಿ ಹಾಕಿದಳು. ಅತ್ತೆಯ ಸಾರಿಗೆ ಖಾರ ಮಾತ್ರ ಕಮ್ಮಿಯಾಗಲಿಲ್ಲ.

ಕೊನೆಗೆ ಡಾಕ್ಟರು ಬಂದು ಮತ್ತೆ ತಟ್ಟೆ ತಿರುಗಿಸಿದರು. ನಾಲ್ಕು ಗುಳಿಯಲ್ಲೂ ಹಾಲು ಒಂದೇ ಸಮ ಹರಿದಾಡಿತು. ಬೇಕರಿಯವನ ಹಸುವೂ ಮೇಷ್ಟ್ರ ಹಸುವೂ ಚೇತರಿಸಿಕೊಂಡಿದ್ದವು. ಮಾವನ ಬೆರಳು ನೋಡಿ, "ನಾಳೆಯಿಂದ ಕರೀಬಹುದು. ಸೋಪು ಹಾಕಿ," ಎಂದರು ಡಾಕ್ಟರು. ಮಾವ ಅಲ್ಲೇ ಸೋಪು ಹಾಕಿ ತೊಳೆದು ತೋರಿಸಿದರು. ಕೈಗುಣ ಕೊಚ್ಚಿಹೋಗುವುದನ್ನು ನಾನು ಬಕೆಟ್ಟಿನಲ್ಲಿ ಇಣುಕಿ ನೋಡಿದೆ, ಏನೂ ಕಾಣಲಿಲ್ಲ.

ಆ ಸಂಜೆ ಅತ್ತೆಯ ಕೊನೆಯ ಪಾಳಿ. ಮಾವ ಹಸುವಿನ ಮುಂದೆ ನಿಂತು ದೂರು ಹುಡುಕಿದರು, ಸಿಗಲಿಲ್ಲ. ಎಲ್ಲ ಖಾಲಿಯಾಗಿತ್ತು. ಯಜಮಾನ್ತಿ ಕಿವಿ ನಿಮಿರಿಸಿ ಕಾಯುತ್ತಿದ್ದಳು. ಮಾವ ಅವಳ ಕುತ್ತಿಗೆಯ ಗಂಗೆದೊಗಲನ್ನು ಕೆರೆಯುತ್ತ, ನನಗೆ ಗುರುತೇ ಸಿಗದಂಥ ಸಣ್ಣ ದನಿಯಲ್ಲಿ ಹೇಳಿದರು:

"ಇನ್ನೊಂದು ಇದೆ ಯಜಮಾನ್ತೀ, ಯಾರಿಗೂ ಹೇಳಿಲ್ಲ. ಆ ಕೆಂಪು ಹಸು ಅವತ್ತು ನನ್ನ ಕೈಗೆ ನಿಂತಿದ್ದಲ್ಲ. ಇವಳು ಮುಂದೆ ನಿಂತ್ಕೊಂಡು ಅದರ ಕುತ್ತಿಗೆ ಹೀಗೆ ಕೆರೀತಿದ್ಲು. ಇವಳ ಅಪ್ಪ ಹಿಂದಿನಿಂದ ಬಂದ್ರು, ಅವರಿಗೆ ನಾನೊಬ್ಬನೇ ಕಂಡೆ. ಕೈಗುಣ ಇದ್ದಿದ್ದು ಇವಳಿಗೆ ಕಣೇ. ನಾನು ಸುಮ್ನೆ ಹೆಸರು ತಗೊಂಡೆ."

ಅತ್ತೆಯ ಕೈ ನಿಂತಿತು. ಆಮೇಲೆ ಹೊಟ್ಟೆಯ ಕೆಳಗಿನಿಂದ ಅತ್ತೆಯ ದನಿ ಬಂತು.

"ಗೊತ್ತು ರೀ. ಅವತ್ತಿಂದಲೇ ಗೊತ್ತು. ಮಾತು ನಿಲ್ಲಿಸ್ಬೇಡಿ, ಹಾಲು ಏರಿಸ್ಕೋತಾಳೆ."